ಜೋಸೆಫ್ ಹ್ಯಾನ್ಸೆನ್: ಪತ್ತೇದಾರನಿಗೂ ಒಂದು ಮನೆ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ತಾಲ್ಲೂಕುಗಳು 1956ರವರೆಗೆ ಬೀದರ ಹಾಗೂ ಕಲಬುರಗಿ ಜಿಲ್ಲೆಗಳಿಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಈ ಸೀಮೆಯ ಓದುಗನಿಗೆ ಮೂರು ಭಾಷೆಗಳ ಪತ್ತೇದಾರರು ಎಟುಕುತ್ತಾರೆ: ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ, ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವು ಅವರ ಯುಗಂಧರ್, ಉರ್ದುವಿನಲ್ಲಿ ಇಬ್ನೆ ಸಫಿಯವರ ಕರ್ನಲ್ ಫರೀದಿ. ಅಪರಾಧಿ ಸಿಕ್ಕಿಬಿದ್ದ ಮೇಲೆ ಪತ್ತೇದಾರನು ಯಾರಿರುವ ಮನೆಗೆ ಮರಳುತ್ತಾನೆ ಎಂದು ಇಂತಹ ಕಥೆಗಳ ಓದುಗರು ಸಾಮಾನ್ಯವಾಗಿ ಕೇಳುವುದಿಲ್ಲ. ಅದನ್ನೇ ಮುಖ್ಯ ಪ್ರಶ್ನೆಯಾಗಿಸಿಕೊಂಡು ಹನ್ನೆರಡು ಕಾದಂಬರಿಗಳನ್ನು ಬರೆದವರು ಅಮೆರಿಕದ ಜೋಸೆಫ್ ಹ್ಯಾನ್ಸೆನ್.

ಹ್ಯಾನ್ಸೆನ್ ಜನಿಸಿದ್ದು 1923ರ ಜುಲೈ 19ರಂದು, ಸೌತ್ ಡಕೋಟಾ ಪ್ರಾಂತ್ಯದ ಅಬರ್ಡೀನ್ ಎಂಬ ಊರಿನಲ್ಲಿ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಕುಟುಂಬವು ಮೊದಲು ಮಿನಿಯಾಪೊಲಿಸ್‌ಗೆ, ಬಳಿಕ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಯಿತು. ಅವರು ಪುಸ್ತಕದ ಅಂಗಡಿಯಲ್ಲಿ ದುಡಿದರು, ಕವಿತೆ ಬರೆದರು. ‘ದಿ ನ್ಯೂಯಾರ್ಕರ್’ ಪತ್ರಿಕೆಯೂ ಅವರ ಕವಿತೆಗಳನ್ನು ಪ್ರಕಟಿಸಿತು. 1943ರಲ್ಲಿ ಜೇನ್ ಬ್ಯಾಂಕ್ರಾಫ್ಟ್ ಅವರನ್ನು ವಿವಾಹವಾದರು. ಹ್ಯಾನ್ಸೆನ್ ಪುರುಷರನ್ನು ಒಲಿದವರು. ಜೇನ್ ಅವರ ಒಲವು ಸ್ತ್ರೀಯರತ್ತ. ಇದನ್ನು ಪರಸ್ಪರ ಅರಿತೇ ಬಾಳಿದ ಆ ದಾಂಪತ್ಯ, 1994ರಲ್ಲಿ ಜೇನ್ ತೀರಿಕೊಳ್ಳುವವರೆಗೆ ಐವತ್ತೊಂದು ವರ್ಷ ಉಳಿಯಿತು. ಅವರಿಗೆ ಒಂದು ಮಗುವೂ ಇತ್ತು. ಲೋಕದ ಲೆಕ್ಕಕ್ಕೆ ಸುಲಭವಾಗಿ ಸಿಗದ ಸಂಸಾರವನ್ನು ಹ್ಯಾನ್ಸೆನ್ ಹೀಗೆ ಸ್ವತಃ ನಡೆಸಿ ಬಲ್ಲವರಾಗಿದ್ದರು.

1960ರ ದಶಕದಲ್ಲಿ ಅವರು ಜೇಮ್ಸ್ ಕೋಲ್ಟನ್ ಎಂಬ ಗುಪ್ತನಾಮದಿಂದ ಸಲಿಂಗಪ್ರೇಮಿಗಳ ಬದುಕನ್ನು ಕುರಿತು ಬರೆದರು. ಲಾಸ್ ಏಂಜಲೀಸ್‌ನ ‘ಒನ್’ ಪತ್ರಿಕೆಯ ಬಳಗದಲ್ಲಿದ್ದು, 1965ರಲ್ಲಿ ಡಾನ್ ಸ್ಲೇಟರ್ ಅವರೊಡನೆ ‘ಟ್ಯಾಂಜೆಂಟ್ಸ್’ ಪತ್ರಿಕೆಯನ್ನು ಆರಂಭಿಸಿದರು. 1970ರಲ್ಲಿ ಹಾಲಿವುಡ್‌ನಲ್ಲಿ ನಡೆದ ಮೊದಲ ಸ್ವಾಭಿಮಾನ ಮೆರವಣಿಗೆಯ ಸಿದ್ಧತೆಗೂ ಕೈಜೋಡಿಸಿದರು.

ಅದೇ ವರ್ಷ ಹಾರ್ಪರ್ ಅಂಡ್ ರೋ ಸಂಸ್ಥೆಯ ಸಂಪಾದಕಿ ಜೋನ್ ಕಾನ್ ಅವರ ಮೂಲಕ ‘ಫೇಡ್‌ಔಟ್’ ಕಾದಂಬರಿ ಲೇಖಕರ ನಿಜನಾಮದಲ್ಲಿಯೇ ಹೊರಬಂದಿತು. ಅದರ ನಾಯಕ ಡೇವ್ ಬ್ರಾಂಡ್‌ಸ್ಟೆಟರ್, ಜೀವವಿಮಾ ಕಂಪನಿಯೊಂದರ ತನಿಖಾಧಿಕಾರಿ. ಸತ್ತವರ ಹಣಕ್ಕಾಗಿ ಬರುವ ಬೇಡಿಕೆಗಳ ಸತ್ಯಾಸತ್ಯತೆಯನ್ನು ಪರಿಶೀಲಿಸುವುದು ಅವನ ಕೆಲಸ. ರೇಡಿಯೊ ಕಲಾವಿದನೊಬ್ಬನ ಕಾರು ಮಳೆಯ ರಾತ್ರಿ ಸೇತುವೆಯಿಂದ ಹೊಳೆಗೆ ಬಿದ್ದಿದೆ; ಶವ ಮಾತ್ರ ಸಿಕ್ಕಿಲ್ಲ. ತನಿಖೆ ಅಲ್ಲಿಂದ ತೊಡಗುತ್ತದೆ. ಆದರೆ ಓದುಗನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಾವು. ಡೇವ್‌ನೊಡನೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ರಾಡ್ ಕ್ಯಾನ್ಸರಿನಿಂದ ತೀರಿಕೊಂಡಿದ್ದಾನೆ. ಪರರ ವಾರಸುದಾರರು ಯಾರೆಂದು ನಿರ್ಣಯಿಸುವ ಈ ಅಧಿಕಾರಿಯ ಸ್ವಂತ ದುಃಖಕ್ಕೆ ಯಾವ ಕಾಗದಪತ್ರದಲ್ಲೂ ಸ್ಥಾನವಿಲ್ಲ. ಅವನನ್ನು ವಿಧುರನೆಂದು ಕರೆಯುವ ಕಾನೂನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಸಂಬಂಧ ಆಗಿನ್ನೂ ಅಪರಾಧವಾಗಿತ್ತು. ಆ ಕಾನೂನು ರದ್ದಾಗಿ ಬದಲಾವಣೆ ಜಾರಿಗೆ ಬಂದದ್ದು 1976ರಲ್ಲಿ.

ಅಲ್ಲಿಯವರೆಗಿನ ಅಪರಾಧ ಸಾಹಿತ್ಯದಲ್ಲಿ ಸಲಿಂಗಪ್ರೇಮಿ ಬಹುಮಟ್ಟಿಗೆ ಖಳನಾಗಿ, ಬಲಿಪಶುವಾಗಿ ಇಲ್ಲವೇ ಹಾಸ್ಯದ ವಸ್ತುವಾಗಿ ಬರುತ್ತಿದ್ದನು. ಹ್ಯಾನ್ಸೆನ್ ಅವನಿಗೆ ತನಿಖೆಯ ಅಧಿಕಾರವನ್ನೇ ಕೊಟ್ಟರು. ಡೇವ್ ತನ್ನ ಒಲವಿಗಾಗಿ ನಾಚುವುದಿಲ್ಲ, ಉಪದೇಶಕ್ಕೂ ನಿಲ್ಲುವುದಿಲ್ಲ. ಸಾಕ್ಷಿಗಳನ್ನು ಕಾಣುತ್ತಾನೆ, ಸುಳ್ಳನ್ನು ಗುರುತಿಸುತ್ತಾನೆ, ದಣಿದು ಮನೆಗೆ ಮರಳುತ್ತಾನೆ. ಈ ಸಹಜತೆಯೇ ಹ್ಯಾನ್ಸೆನ್ ಅವರ ವಾದ.

ಮಾಲಿಕೆಯ ನಿಜವಾದ ಸವಿ ಅದನ್ನು ಕ್ರಮವಾಗಿ ಓದಿದವರಿಗೆ ದಕ್ಕುತ್ತದೆ. ಸಾಮಾನ್ಯ ಪತ್ತೇದಾರರಂತೆ ಡೇವ್ ವಯಸ್ಸಿಲ್ಲದವನಲ್ಲ. ನಡುವಯಸ್ಸಿನಿಂದ ಮುಪ್ಪಿನವರೆಗೆ ಸಾಗುತ್ತಾನೆ. ತಂದೆಯನ್ನು ಕಳೆದುಕೊಂಡ ಮೇಲೆ ಕಂಪನಿಯನ್ನು ತೊರೆದು ಸ್ವತಂತ್ರ ಪತ್ತೇದಾರನಾಗುತ್ತಾನೆ. ಸೆಸಿಲ್ ಹ್ಯಾರಿಸ್ ಎಂಬ ಕಪ್ಪುವರ್ಣೀಯ ತರುಣ ಪತ್ರಕರ್ತನೊಡನೆ ಮತ್ತೆ ಮನೆ ಕಟ್ಟುತ್ತಾನೆ. 1987ರ ‘ಅರ್ಲಿ ಗ್ರೇವ್ಸ್’ ಏಡ್ಸ್ ಪೀಡಿತರ ಸರಣಿ ಕೊಲೆಗಳನ್ನು ವಸ್ತುವಾಗಿಸಿಕೊಂಡು, ಆ ಕಾಲದ ಭಯವನ್ನು ನೇರವಾಗಿ ಎದುರಿಸಿತು. 1991ರ ‘ಎ ಕಂಟ್ರಿ ಆಫ್ ಓಲ್ಡ್ ಮೆನ್’ ಕೃತಿಯೊಂದಿಗೆ ಮಾಲಿಕೆ ಮುಗಿಯಿತು. ಅದಕ್ಕೆ ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ದೊರೆಯಿತು. 1992ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಅವರಿಗೆ ಜೀವಮಾನ ಸಾಧನೆಯ ಗೌರವ ನೀಡಿತು. 2004ರ ನವೆಂಬರ್ 24ರಂದು ಲಗೂನಾ ಬೀಚ್‌ನಲ್ಲಿ ಹ್ಯಾನ್ಸೆನ್ ನಿಧನರಾದರು.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾಯಿತು. ನಮ್ಮಲ್ಲಿಯೂ ಇಂತಹ ಪ್ರೀತಿಗೆ ಕಾನೂನಿನ ಕಣ್ಣಿನಲ್ಲಿ ಅಪರಾಧದ ಕಳಂಕವಿತ್ತು. ಸರ್ವೋಚ್ಚ ನ್ಯಾಯಾಲಯ ಆ ಕಳಂಕವನ್ನು ತೊಡೆದದ್ದು 2018ರಲ್ಲಿ. ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಒಂದು ಸಂಗತಿ ಸ್ಪಷ್ಟವಾದೀತು: ಎರಡೂ ಕಡೆ ಸಾಹಿತ್ಯವು ತೀರ್ಪಿಗಾಗಿ ಕಾಯದೆ ಮೊದಲೇ ಮಾತನಾಡಿತು. ಪತ್ತೇದಾರಿ ಕಾದಂಬರಿಯನ್ನು ಕಾಲಹರಣದ ಓದೆಂದು ಬದಿಗಿಡುವ ಮುನ್ನ, ಹ್ಯಾನ್ಸೆನ್ ಆ ಪ್ರಕಾರದೊಳಗೇ ಮಾಡಿದ ಈ ಕೆಲಸವನ್ನು ನಾವು ನೆನೆಯಬೇಕು.