ದಿವಾನ್ ಪೂರ್ಣಯ್ಯನವರು ಮತ್ತು ಬೆಂಗಳೂರಿನ ಪುನರುಜ್ಜೀವನ

ಮಾವಳ್ಳಿಯ ಒಂದು ಕಡೆಗೆ ಬೆಂಗಳೂರಿನ ಹಳೆಯ ಕೋಟೆ. ಇನ್ನೊಂದು ಕಡೆಗೆ ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್. ಇಂದು ಜನಸಂದಣಿಯಿಂದ ತುಂಬಿರುವ ಈ ಪ್ರದೇಶಕ್ಕೆ ಸಮೀಪದಲ್ಲಿಯೇ ಇರುವ ಪೇಟೆಯು 1799ರಲ್ಲಿ ಕೆಲವು ತಿಂಗಳ ಕಾಲ ನಿರ್ಜನವಾಗಿತ್ತೆಂದರೆ ನಂಬುವುದು ಕಷ್ಟ. ಆ ಪೇಟೆಗೆ ಜನರು ಮರಳಿ ಬಂದ ಕಾಲದಲ್ಲಿ ರಾಜ್ಯಭಾರದ ಹೊಣೆಯನ್ನು ಹೊತ್ತಿದ್ದವರು ದಿವಾನ್ ಪೂರ್ಣಯ್ಯನವರು.

ಪೂರ್ಣಯ್ಯನವರು 1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಅವರ ಲೆಕ್ಕದ ಚಾತುರ್ಯವೇ ಅವರನ್ನು ಶ್ರೀರಂಗಪಟ್ಟಣದ ಅರಮನೆಯವರೆಗೆ ಕರೆದೊಯ್ದಿತು. ಹೈದರಾಲಿಯ ವಿಶ್ವಾಸವನ್ನು ಗಳಿಸಿ ಬೊಕ್ಕಸದ ಅಧಿಕಾರಿಯಾದರು. 1782ರಲ್ಲಿ ಹೈದರನು ದಂಡಿನ ಬೀಡಿನಲ್ಲಿ ಮರಣಿಸಿದಾಗ, ಟಿಪ್ಪು ಬರುವವರೆಗೆ ಆ ಸುದ್ದಿಯನ್ನು ಗುಟ್ಟಾಗಿರಿಸಿ ಸೈನ್ಯವು ಚದುರದಂತೆ ಕಾಪಾಡಿದವರಲ್ಲಿ ಅವರೂ ಒಬ್ಬರು.

1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆಯು ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದು ಕೊಳ್ಳೆಹೊಡೆಯಿತು. 1800ರಲ್ಲಿ ಈ ನಗರವನ್ನು ಕಂಡ ಕಂಪನಿಯ ಅಧಿಕಾರಿ ಬುಕಾನನ್ನನ ಬರಹದಂತೆ, ಆರ್ಕಾಟು ಮತ್ತು ಹೈದರಾಬಾದಿನ ಪ್ರಾಂತಗಳೊಡನೆ ವ್ಯಾಪಾರವನ್ನು ಟಿಪ್ಪು ನಿಷೇಧಿಸಿದುದರಿಂದ ಅದಕ್ಕೂ ಮೊದಲೇ ವಾಣಿಜ್ಯವು ಕುಗ್ಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡಿತು. ಆ ಯುದ್ಧಕಾಲದಲ್ಲಿ, ಯಾರನ್ನು ನಂಬಬೇಕೆಂದು ತಿಳಿಯದ ಪೇಟೆಯ ಜನರು ದಿಕ್ಕುದಿಕ್ಕಿಗೆ ಚದುರಿಹೋದರು.

ಅದೇ ವರ್ಷ ಐದು ವಯಸ್ಸಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯನವರು ದಿವಾನರಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಉಳುವವನು ಹೊಲಕ್ಕೂ, ನೇಯುವವನು ಮಗ್ಗಕ್ಕೂ ಮರಳದೆ ಈ ಹಣವು ಹುಟ್ಟುವಂತಿರಲಿಲ್ಲ. ಇತ್ತ ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರಲ್ಲಿ ಅನೇಕರು ಧೋಂಡಿಯಾ ವಾಘನ ಬಂಡಾಯವನ್ನು ಸೇರಿದ್ದರು. ನಿರುದ್ಯೋಗದ ಅಪಾಯವನ್ನು ದಿವಾನರು ಸರಿಯಾಗಿ ಗ್ರಹಿಸಿದರು. ಕಂದಾಚಾರವೆಂಬ ಕಾಲಾಳು ಪಡೆಗೆ ಹಳ್ಳಿಗಳ ಜನರನ್ನು ಸೇರಿಸಿಕೊಂಡು, ಶಾಂತಿಯ ದಿನಗಳಲ್ಲಿ ಅವರು ಮನೆಯಲ್ಲಿದ್ದು ಬೇಸಾಯ ಮಾಡಲು ಅವಕಾಶ ಕಲ್ಪಿಸಿದರು. ಹೀಗೆ ಕತ್ತಿ ಹಿಡಿದ ಕೈಗೆ ನೇಗಿಲೂ ದೊರೆಯಿತು. ಕೆರೆ ಕಾಲುವೆಗಳ ದುರಸ್ತಿಗೆ ಬೊಕ್ಕಸದಿಂದ ಹಣ ಸಂದಿತು. ಟಿಪ್ಪುವು ಕೆಡವಿಸಿದ್ದ ಬೆಂಗಳೂರಿನ ಕೋಟೆಯನ್ನು ಮತ್ತೆ ಕಟ್ಟಿಸಿದರು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆಯು ನಿರ್ಮಾಣವಾಯಿತು.

ಬುಕಾನನ್ ಕಂಡಾಗ ಬೆಂಗಳೂರಿಗೆ ನಾನಾ ಕಡೆಗಳಿಂದ ಜನರು ಬರುತ್ತಿದ್ದರು. ಖತ್ರಿ, ಪಟ್ಟೇಗಾರ, ದೇವಾಂಗ, ತೊಗಟ ನೇಕಾರರ ಕಸುಬುಗಳು ಚಿಗುರುತ್ತಿದ್ದವು. ಆಮದು ರಫ್ತುಗಳು ಉಚ್ಛ್ರಾಯ ಕಾಲದ ನಾಲ್ಕನೆಯ ಒಂದು ಭಾಗವನ್ನು ಆಗಲೇ ಮುಟ್ಟಿದ್ದವು. ಆದರೂ ಸಣ್ಣ ವ್ಯಾಪಾರಿಗಳ ಮನಸ್ಸಿನಿಂದ ಅಂಜಿಕೆಯು ಇನ್ನೂ ಹೋಗಿರಲಿಲ್ಲ. ಮುಂದೆ 1809ರಲ್ಲಿ ಕಂಪನಿಯ ದಂಡು ಬೆಂಗಳೂರಿಗೆ ಬಂದು ನೆಲೆಸಿದಾಗ ಇಲ್ಲಿಯ ಸರಕಿಗೆ ಹೊಸ ಗಿರಾಕಿಗಳು ದೊರೆತರು.

ಪೂರ್ಣಯ್ಯನವರ ಆಡಳಿತವು ದೋಷರಹಿತವಾಗಿತ್ತೆಂದು ಹೇಳಲಾಗದು. ಕಂದಾಯದ ವಸೂಲಿಯಲ್ಲಿ ಅವರು ಕಠಿಣರಾಗಿದ್ದರು. ಪ್ರಜೆಗಳಿಂದ ಬಂದ ಧನವನ್ನು ಪ್ರಜೆಗಳಿಗಾಗಿ ಇನ್ನಷ್ಟು ವ್ಯಯಿಸದೆ ಬೊಕ್ಕಸದಲ್ಲಿ ಕೂಡಿಟ್ಟರೆಂಬ ಆಕ್ಷೇಪವುಂಟು. ಟಿಪ್ಪುವಿನ ಮಂತ್ರಿಯಾಗಿದ್ದವರು ಕಂಪನಿಯ ಏರ್ಪಾಡಿನಲ್ಲಿ ದಿವಾನರಾದುದನ್ನು ಒಪ್ಪದವರೂ ಇದ್ದಾರೆ. ಪ್ರಾಪ್ತವಯಸ್ಕರಾದ ಅರಸರೊಡನೆ ಮನಸ್ತಾಪ ಬೆಳೆದು, 1811ರಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ಮರುವರ್ಷವೇ ಶ್ರೀರಂಗಪಟ್ಟಣದಲ್ಲಿ ಕಾಲವಶರಾದರು.

ಅಂಗಡಿಯ ಲೆಕ್ಕದಿಂದ ಜೀವನವನ್ನು ಆರಂಭಿಸಿದ ಪೂರ್ಣಯ್ಯನವರಿಗೆ ದುಡಿಮೆಯ ಬೆಲೆ ಚೆನ್ನಾಗಿ ತಿಳಿದಿತ್ತು. ಊರೆಂದರೆ ಕೋಟೆ ಕೊತ್ತಲಗಳಷ್ಟೇ ಅಲ್ಲ. ಅಂಜಿಕೆಯಿಲ್ಲದೆ ಕದ ತೆರೆದ ಅಂಗಡಿ, ಕೈತುಂಬ ಕೆಲಸವಿರುವ ಮನೆ. ಇವು ಮರಳಿ ಬಂದುದರಿಂದಲೇ ಬೆಂಗಳೂರು ಉಳಿಯಿತು, ಬೆಳೆಯಿತು.