ಕೇರಳದ ಕಸ್ತೂರಿ, ಕನ್ನಡದ ನಗೆಗಂಪು

ಕನ್ನಡಿಗರನ್ನು ಅವರದೇ ಮಾತುಗಳ ಮೂಲಕ ನಗಿಸಿದ ನಾ. ಕಸ್ತೂರಿ ಅವರಿಗೆ ಕನ್ನಡ ಹುಟ್ಟಿನಿಂದ ಬಂದ ಭಾಷೆಯಾಗಿರಲಿಲ್ಲ. ಕಸ್ತೂರಿ ರಂಗನಾಥ ಶರ್ಮ ಎಂಬುದು ಅವರ ಪೂರ್ಣ ಹೆಸರು. 1897ರ ಡಿಸೆಂಬರ್ 25ರಂದು ಕೇರಳದ ತೃಪ್ಪೂಣಿತುರದಲ್ಲಿ ಜನಿಸಿ, ತಿರುವನಂತಪುರದಲ್ಲಿ ವ್ಯಾಸಂಗ ಮಾಡಿದ ಅವರನ್ನು ಮೈಸೂರಿಗೆ ಕರೆತಂದದ್ದು ಅಧ್ಯಾಪಕ ವೃತ್ತಿ. ಬನುಮಯ್ಯ ಶಾಲೆಯಲ್ಲಿ ಪಾಠ ಹೇಳಿದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರಾದರು.

ಬಂದ ನಾಡಿನ ಭಾಷೆಯನ್ನು ಕಲಿತು, ಅದರಲ್ಲೇ ಹಾಸ್ಯ ಬರೆಯುವುದು ಸುಲಭವಲ್ಲ. ಕನ್ನಡದಲ್ಲಿ ಅವಸರವೆಂದರೆ ಆತುರ. ಅದೇ ಶಬ್ದ ಮಲಯಾಳದಲ್ಲಿ ಅವಕಾಶ, ತೆಲುಗಿನಲ್ಲಿ ಅಗತ್ಯ. ಹೊರಗಿನಿಂದ ಬಂದವನನ್ನು ಎಡವಿಸುವುದು ಇಂಥ ಶಬ್ದಗಳೇ. ಕಸ್ತೂರಿಯವರು ಆ ತೊಡಕನ್ನೇ ಬಂಡವಾಳ ಮಾಡಿಕೊಂಡರು. ಶಬ್ದಗಳಿಗೆ ನಿಘಂಟು ಕೊಡದ ಅರ್ಥಗಳನ್ನು ಹಚ್ಚಿದ ‘ಅನರ್ಥಕೋಶ’ ಅವರ ಅತ್ಯಂತ ಜನಪ್ರಿಯ ಕೃತಿ. ಬೃಹದಾರಣ್ಯಕ ಉಪನಿಷತ್ತಿನ ಹೆಸರು ಅವರ ಕೈಯಲ್ಲಿ ‘ಗೃಹದಾರಣ್ಯಕ’ವಾಯಿತು, ಮನೆಯೇ ಅರಣ್ಯವಾಯಿತು. ‘ಚಕ್ರದೃಷ್ಟಿ’, ‘ಗಾಳಿಗೋಪುರ’ ಕಾದಂಬರಿಗಳೂ ಅವರ ಲೇಖನಿಯಿಂದ ಬಂದವು.

1942ರಲ್ಲಿ ರಾಶಿ ಎಂದೇ ಪರಿಚಿತರಾದ ಡಾ. ಎಂ. ಶಿವರಾಂ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದಾಗ ಕಸ್ತೂರಿ ಅದರ ಪ್ರಮುಖ ಲೇಖಕರಾದರು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳೂ ಇದೇ ಪತ್ರಿಕೆಯಲ್ಲಿ ಬೆಳಕು ಕಂಡವು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಕಸ್ತೂರಿಯವರೇ ಎಂಬ ಮಾತು ಪ್ರಚಲಿತವಾಗಿದೆ.

ವೃತ್ತಿಯಿಂದ ನಿವೃತ್ತರಾದ ಮೇಲೆ ಅವರ ಬದುಕು ಇನ್ನೊಂದು ಗಡಿಯನ್ನು ದಾಟಿತು. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಂಥ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ನಾಲಿಗೆಯ ಮೇಲೆ ಆಡುತ್ತವೆ. ಆ ಗಡಿಯಾಚೆಗಿನ ಆಂಧ್ರದ ಪುಟ್ಟಪರ್ತಿಯಲ್ಲಿ ಕಸ್ತೂರಿ ನೆಲೆಸಿದರು. ಸತ್ಯಸಾಯಿ ಬಾಬಾ ಅವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಹಲವು ಸಂಪುಟಗಳಾಗಿ ರಚಿಸಿದರು. 1958ರಲ್ಲಿ ಪ್ರಾರಂಭವಾದ ‘ಸನಾತನ ಸಾರಥಿ’ ಮಾಸಿಕದ ಸಂಪಾದಕರಾದರು. ಎಲ್ಲವನ್ನೂ ಗೇಲಿ ಮಾಡಬಲ್ಲ ಲೇಖನಿ ಭಕ್ತಿಗೆ ಒಲಿದದ್ದು ಅವರ ಹಳೆಯ ಓದುಗರಿಗೆ ಅಚ್ಚರಿಯ ಸಂಗತಿಯೇ ಸರಿ.

1987ರ ಆಗಸ್ಟ್ 14ರಂದು ಅವರು ನಿಧನರಾದರು. ಇಂಗ್ಲಿಷ್ ಸಂಪುಟಗಳು ಅವರ ಹೆಸರನ್ನು ದೇಶವಿದೇಶಗಳ ಭಕ್ತರಿಗೆ ತಲುಪಿಸಿವೆ. ಆ ಓದುಗರಲ್ಲಿ ಹೆಚ್ಚಿನವರಿಗೆ ‘ಅನರ್ಥಕೋಶ’ದ ಕಸ್ತೂರಿ ಅಪರಿಚಿತರು. ಅವರನ್ನು ಮರೆಯದಿರುವ ಹೊಣೆ ಕನ್ನಡದ ಓದುಗರದೇ.