ರುಡಾಲ್ಫ್ ಡೀಸೆಲ್ ಮತ್ತು ಕಡಲೆಕಾಯಿ ಎಣ್ಣೆ

ಕರಿದು ಉಳಿದ ಎಣ್ಣೆಯಿಂದ ವಾಹನ ಓಡಿಸುವ ಮಾತು ಬಂದಾಗಲೆಲ್ಲ ರುಡಾಲ್ಫ್ ಡೀಸೆಲ್‌ನ ಹೆಸರು ಬರುತ್ತದೆ. ಅದರೊಡನೆ ಒಂದು ತಪ್ಪು ಕಥೆಯೂ ಬರುತ್ತದೆ. 1893ರ ಆಗಸ್ಟ್ 10ರಂದು ಆತ ಕಡಲೆಕಾಯಿ ಎಣ್ಣೆಯಿಂದ ಎಂಜಿನ್ ನಡೆಸಿದನೆಂಬುದೇ ಆ ಕಥೆ. ಭಾರತವೂ ಆ ದಿನವನ್ನು ವಿಶ್ವ ಜೈವಿಕ ಇಂಧನ ದಿನವೆಂದು ಆಚರಿಸುತ್ತದೆ.

ಡೀಸೆಲ್ ಜನಿಸಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬವೇರಿಯದ ದಂಪತಿಗೆ. 1870ರ ಯುದ್ಧ ಆ ಜರ್ಮನ್ ಕುಟುಂಬವನ್ನು ಲಂಡನ್ನಿಗೆ ಅಟ್ಟಿತು. ಹನ್ನೆರಡರ ಬಾಲಕ ಆಗ್ಸ್‌ಬರ್ಗ್‌ನ ಬಂಧುಗಳ ಮನೆ ಸೇರಿದ. ಪರನಾಡಿನಲ್ಲಿ ಬೆಳೆಯುವ ಕಷ್ಟವನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆಯ ಶಿಷ್ಯನಾದ. ಟೈಫಾಯ್ಡ್‌ನಿಂದ ಅಂತಿಮ ಪರೀಕ್ಷೆ ತಪ್ಪಿ, 1880ರಲ್ಲಿ ಪದವಿ ಪಡೆದ.

ಉಗಿಯಂತ್ರವು ಕಲ್ಲಿದ್ದಲಿನ ಶಾಖದ ಬಹುಪಾಲನ್ನು ವ್ಯರ್ಥಗೊಳಿಸುತ್ತದೆಂಬ ಲಿಂಡೆಯ ಪಾಠ ಅವನನ್ನು ಬಿಡದೆ ಕಾಡಿತು. ಗಾಳಿಯನ್ನು ಅತಿಯಾಗಿ ಒತ್ತಿದರೆ ಅದು ಕಾಯುತ್ತದೆ. ಆ ಬಿಸಿಗೆ ಇಂಧನ ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಆಗ್ಸ್‌ಬರ್ಗ್‌ನಲ್ಲಿ ಆ ಆಗಸ್ಟ್ 10ರಂದು ನಡೆದದ್ದು ಮೊದಲ ಪ್ರಯೋಗ. ಇಂಧನ ಪೆಟ್ರೋಲು, ಸ್ಫೋಟಕ್ಕೆ ಒತ್ತಡಮಾಪಕವೇ ಸಿಡಿಯಿತು! ಎಂಜಿನ್ ಸ್ವಂತ ಬಲದಿಂದ ತಿರುಗಿದ್ದು ಮರುವರ್ಷ ಫೆಬ್ರವರಿಯಲ್ಲಿ. 1897ರ ಪರೀಕ್ಷೆಯಲ್ಲಿ ಅದರ ದಕ್ಷತೆ ಶೇ. 26ರಷ್ಟಿತ್ತು. ಅಂದಿನ ಯಾವ ಉಗಿಯಂತ್ರವೂ ಅದರ ಸಮೀಪ ಬರುತ್ತಿರಲಿಲ್ಲ.

ಕಡಲೆಕಾಯಿ ಎಣ್ಣೆಯ ಪ್ರಸಂಗ ನಡೆದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ತೋರಿಸಿದ್ದು ಡೀಸೆಲ್ ಅಲ್ಲ, ಒಟ್ಟೋ ಕಂಪನಿ. ಆಫ್ರಿಕದ ವಸಾಹತುಗಳಲ್ಲಿ ಯಥೇಚ್ಛವಾಗಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲಿಗೆ ಬೇಕಾದ ಇಂಧನ ಪಡೆಯುವುದು ಫ್ರೆಂಚ್ ಸರ್ಕಾರದ ಆಸಕ್ತಿಯಾಗಿತ್ತು. ಖನಿಜ ತೈಲಕ್ಕಾಗಿ ರೂಪಿಸಿದ ಎಂಜಿನ್ ಯಾವ ಮಾರ್ಪಾಡೂ ಇಲ್ಲದೆ ಓಡಿತು, ಗಮನಿಸಿದವರು ಕೆಲವರೇ. ಮುಂದೆ ಡೀಸೆಲ್ ಸ್ವತಃ ಪ್ರಯೋಗ ನಡೆಸಿ, 1912ರ ಉಪನ್ಯಾಸದಲ್ಲಿ ಸಸ್ಯತೈಲದ ಭವಿಷ್ಯವನ್ನು ವಿಶ್ವಾಸದಿಂದ ಮಂಡಿಸಿದ. ಅವನ ಹಿರಿಮೆಗೆ ಇಷ್ಟೇ ಸಾಕು, ಕಟ್ಟುಕಥೆ ಬೇಕಿಲ್ಲ.

ಆ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ಸಾಲ ಮುತ್ತಿತ್ತು. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ‘ಡ್ರೆಸ್ಡೆನ್’ ಹಡಗಿನಿಂದ ಡೀಸೆಲ್ ಕಣ್ಮರೆಯಾದ. ಕೆಲವು ದಿನಗಳ ಬಳಿಕ ಡಚ್ ನಾವಿಕರಿಗೆ ಸಿಕ್ಕ ಶವದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದ. ಆತ್ಮಹತ್ಯೆಯೆಂದು ಬಹುಮಂದಿ ನಂಬುತ್ತಾರೆ, ಸಾಬೀತಾಗಿಲ್ಲ.

ಹಸಿ ಸಸ್ಯತೈಲ ಬಲು ಮಂದ. ದೀರ್ಘಕಾಲದಲ್ಲಿ ಎಂಜಿನ್ನಿನೊಳಗೆ ಕಿಟ್ಟ ಕಟ್ಟುತ್ತದೆ. ಈ ತೊಡಕಿಗೆ ದಾರಿ ತೋರಿದ್ದು ಬ್ರಸೆಲ್ಸ್‌ನ ಶವಾನ್. 1937ರಲ್ಲಿ ಪೇಟೆಂಟ್ ಪಡೆದ. ಎಣ್ಣೆಯನ್ನು ಆಲ್ಕೋಹಾಲಿನೊಡನೆ ವರ್ತಿಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳು ಇಂಧನ ದೊರೆಯುತ್ತದೆ. ಇಂದು ಕರಿದ ಎಣ್ಣೆಯನ್ನು ಸೋಸಿ, ನೀರಿನಂಶ ತೆಗೆದು, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸುವವರು ಮಾಡುವುದೂ ಇದನ್ನೇ. ಮೆಥನಾಲ್ ದೃಷ್ಟಿನರವನ್ನೇ ಸುಡಬಲ್ಲ ವಿಷ, ಬೆಂಕಿಗೂ ಬೇಗ ತುತ್ತಾಗುವಂಥದು. ಆದ್ದರಿಂದ ಈ ಕೆಲಸವನ್ನು ಅಡುಗೆಮನೆಯೊಳಗೆ ಮಾಡಬಾರದೆಂಬುದು ವೈದ್ಯನಾಗಿ ನನ್ನ ಸಲಹೆ.